ಕುಂಡ ತಿರುಗಿಸಬೇಡಿ

ಎಂದು ಬರೆದ ಚೀಟಿ ಹಿಲ್ಯಾಳದು.
ನಾನು ಅಂಚೆಮನೆಗೆ ಸೇರಿದ ದಿನಕ್ಕಾಗಲೇ ಅದು ಹಳದಿಗಟ್ಟಿತ್ತು.

ನಮ್ಮ ಕಡೆ ದಾಸವಾಳಕ್ಕೆ ಚೀನಾ ಗುಲಾಬಿ ಅನ್ನುತ್ತಾರೆ.
ಗುಲಾಬಿಯೂ ಅಲ್ಲ, ನಮ್ಮದು ಚೀನಾ ಕಂಡದ್ದೂ ಇಲ್ಲ.
ಕೆಮಿಯಾರ್ವಿಯಿಂದ ಇನ್ನೂ ಬಡಗಣಕ್ಕೆ
ಮೂರು ಪದರ ಗಾಜಿನ ಹಿಂದೆ ಹುಟ್ಟಿದ್ದು, ಬೆಳೆದದ್ದು.
ಹೊರಗೆ ಸೊನ್ನೆಗಿಂತ ಮೂವತ್ತು ಕೆಳಗೆ.
ಒಳಗೆ ಏನೂ ಗೊತ್ತಿಲ್ಲದವರ ಹಾಗೆ ಹಸಿರು.

ಹಿಲ್ಯಾ ಕಲಿಸಿದ್ದು ಇಷ್ಟು:
ಬೆರಳು ಎರಡನೇ ಗೆಣ್ಣಿನವರೆಗೆ ಮಣ್ಣಿಗಿಳಿಯಲಿ,
ಮಣ್ಣು ಅಂಟಿ ಬಂದರೆ ಸುಮ್ಮನಿರು, ಬಾರದಿದ್ದರೆ ನೀರು.
ನಲ್ಲಿಯ ತಣ್ಣೀರಲ್ಲ,
ರಾತ್ರಿಯಿಡೀ ಕೋಣೆಯಲ್ಲಿ ಕೂತು ಬಿಗುಮಾನ ಬಿಟ್ಟ ನೀರು.
ಕತ್ತಲ ತಿಂಗಳುಗಳಲ್ಲಿ ಗೊಬ್ಬರ ಹಾಕಬೇಡ,
ಅದು ಹಸಿವಲ್ಲ, ನಿದ್ದೆ.
ಎಲೆಯಡಿಗೆ ಕೆಂಪು ನುಸಿ ಬಲೆ ಕಟ್ಟಿದರೆ
ಪೈನ್ ಸಾಬೂನು ಕದಡಿ ಒಂದೊಂದೇ ಎಲೆ ಒರೆಸು,
ಮಗುವಿನ ಕಿವಿಯ ಹಿಂದೆ ಒರೆಸಿದ ಹಾಗೆ.
ಮಾರ್ಚಿನಲ್ಲಿ ಕತ್ತರಿ. ಕನಿಕರ ಬೇಡ.
ಮೊಗ್ಗು ಹಿಡಿದ ಮೇಲೆ ಮಾತ್ರ ಕುಂಡ ತಿರುಗಿಸಬೇಡ,
ಬೆಳಕಿನ ದಿಕ್ಕು ತಪ್ಪಿದರೆ
ಒಂದೇ ರಾತ್ರಿಗೆ ಎಲ್ಲ ಉದುರಿಸಿಬಿಡುತ್ತದೆ.
ಗಂಡ ಎಲ್ಲಿಗೆ ಹೋದ, ಯಾಕೆ ಹೋದ,
ಹದಿನಾಲ್ಕು ವರ್ಷದಲ್ಲಿ ಅವಳು ಹೇಳಲಿಲ್ಲ,
ನಾನೂ ಕೇಳಲಿಲ್ಲ.

ಅವಳು ಹೋದ ಎಷ್ಟೋ ಕಾಲಕ್ಕೆ ಅಂಚೆಮನೆ ಮುಚ್ಚಿದರು.
ಈಗ ಪಾರ್ಸೆಲ್ಲುಗಳು ಪೆಟ್ರೋಲ್ ಬಂಕಿನ ಕಪಾಟಿನಲ್ಲಿ,
ಸಾಸೇಜುಗಳ ಪಕ್ಕ.
ಮೇಜು, ತಕ್ಕಡಿ, ಮುದ್ರೆಗಳು ಲಾರಿ ಹತ್ತಿದವು.
ಗಿಡ ಬಾಗಿಲಲ್ಲಿ ಹಿಡಿಸಲಿಲ್ಲ.
ಎಂದೋ ಅಂಗೈಯಲ್ಲಿ ಒಳಗೆ ಬಂದದ್ದು
ಚೌಕಟ್ಟಿಗಿಂತ ಅಗಲವಾಗಿತ್ತು.
ಲಾರಿಯ ಹುಡುಗ ಗಡಿಯಾರ ನೋಡಿದ.

ಕತ್ತರಿಸಿದೆ.
ಗೆಣ್ಣಿನ ಕೆಳಗೆ, ಓರೆಯಾಗಿ, ಗೇಣು ಗೇಣು.
ಹದಿನೇಳು ಕಡ್ಡಿ, ಒದ್ದೆ ಕಾಗದದಲ್ಲಿ ಸುತ್ತಿ
ನನ್ನ ಕೊನೆಯ ಬಟವಾಡೆ.
ಬಡಗಿ ರೈನೆ ತನ್ನದನ್ನು ಹೀಟರಿನ ಮೇಲಿಟ್ಟು ಹುರಿದ.
ಸಿರ್ಕ್ಕಾಳದ್ದನ್ನು ಬೆಕ್ಕು ತಿಂದಿತು.
ಶಾಲೆಯದ್ದು ಬದುಕಿದೆ, ಮಕ್ಕಳು ದಿನಾ ತಿರುಗಿಸುತ್ತಾರೆ.
ಕೆಲವರು ಏನು ಮಾಡಿದರೋ ತಿಳಿಯದು.
ದೂರದ ತಾವೆಟ್ಟಿ ಬಾಗಿಲನ್ನು ಗೇಣಷ್ಟೇ ತೆರೆದ.
ಮೂವತ್ತು ವರ್ಷದಲ್ಲಿ
ವಿದ್ಯುತ್ ಬಿಲ್ಲಲ್ಲದೆ ಬೇರೇನೂ ತಂದಿರಲಿಲ್ಲ ಅವನಿಗೆ ನಾನು.
'ಬಿಲ್ಲಾ?'
'ಅಲ್ಲ.'
ಬಾಗಿಲು ಮುಚ್ಚಿತು. ಕಡ್ಡಿ ಒಳಗೆ ಹೋಗಿತ್ತು.

ನನ್ನದು ಬೇರು ಬಿಟ್ಟಿತು, ಕಿಟಕಿ ತುಂಬ ಎಲೆ ಬಿಟ್ಟಿತು.
ಹೂ ಬಿಡಲಿಲ್ಲ.
ಮೂರು ಬೇಸಿಗೆ, ರಾತ್ರಿಯೇ ಇಲ್ಲದ ಬೆಳಕಿನಲ್ಲೂ ಇಲ್ಲ.
ಬೈದೆ ಕೂಡ, ಒಂದೆರಡು ಸಲ.

ಮೊನ್ನೆ, ನವೆಂಬರಿನ ಕೊನೆಗೆ,
ಸೂರ್ಯ ಹೊಸ್ತಿಲವರೆಗೆ ಬಂದು
ಒಳಗೆ ಬಾರದೆ ತಿರುಗಿ ಹೋಗುವ ದಿನಗಳಲ್ಲಿ, ಫೋನು.
ಉಸಿರು. ಮತ್ತೆ ಉಸಿರು.
'ಅರಳಿದೆ,' ಎಂದ ತಾವೆಟ್ಟಿ. ಇಟ್ಟುಬಿಟ್ಟ.

ಮೂವತ್ತೆಂಟು ಕಿಲೋಮೀಟರು.
ದಾಸವಾಳ ಒಂದು ದಿನದ್ದು, ಸಂಜೆಗೆ ಮಡಚಿಕೊಳ್ಳುತ್ತದೆ.
ಎರಡು ಗಂಟೆಗೇ ಕತ್ತಲಾಗುವ ಊರಿನಲ್ಲಿ
ಸಂಜೆ ಯಾವುದೆಂದು ಅದಕ್ಕೆ ಯಾರು ಹೇಳಿಕೊಟ್ಟಾರು?
ದಾರಿಗೆ ಅಡ್ಡ ಹಿಮಸಾರಂಗಗಳು,
ಹಾರನ್ನಿಗೆ ಕಿವಿಗೊಡದೆ, ಎಲ್ಲ ಪುರುಸೊತ್ತೂ ಅವುಗಳದೇ.

ತಲುಪಿದಾಗ ಮಡಚಿಕೊಂಡಿತ್ತು,
ನೆನೆದ ಕೊಡೆಯೊಂದನ್ನು ಸುತ್ತಿಟ್ಟ ಹಾಗೆ, ಕೆಂಪಗೆ.
ಎರಡು ಲೋಟ ಕಾಫಿ.
ಎರಡು ಕುರ್ಚಿ, ಒಂದು ಈಗಷ್ಟೇ ಧೂಳು ಒರೆಸಿದ್ದು.
ಕುಂಡದ ಅಂಚಿನಿಂದ ಕಿಟಕಿಕಟ್ಟೆಗೆ ಇಳಿದ
ಒಂದು ಪೆನ್ಸಿಲ್ ಗೆರೆ,
ಕುಂಡ ಒಂದು ಎಳೆ ಸರಿದರೂ ಗೊತ್ತಾಗುವಂತೆ.
ಆ ಮಾತು ನಾನು ಅವನಿಗೆ ಹೇಳಿರಲಿಲ್ಲ.

'ಮಾರ್ಚಿನಲ್ಲಿ ಕತ್ತರಿಸಬೇಕಂತೆ,' ಎಂದ,
ಲೋಟದೊಳಗೆ ನೋಡುತ್ತ,
'ಕನಿಕರ ಬೇಡವಂತೆ.'

ಆ ಅಂತೆ ಯಾರದೆಂದು ಕೇಳಲಿಲ್ಲ.
ಕಾಫಿ ಆರಿತ್ತು. ಕುಡಿದೆ.