ಮೂವತ್ತರವರೆಗೆ

ಪುಂತಾ ಅರೆನಾಸಿನಲ್ಲಿ ಗಾಳಿಗೆ ರಜೆಯಿಲ್ಲ.
ಬೀದಿಯ ತಿರುವಿನಲ್ಲಿ ಹಗ್ಗ ಕಟ್ಟಿರುತ್ತಾರೆ, ಹಿಡಿದು ನಡೆಯಲಿಕ್ಕೆ.
ಟೋಪಿ ಹಾರಿಹೋದವರು ಅದರ ಹಿಂದೆ ಓಡುವುದಿಲ್ಲ,
ಜಲಸಂಧಿಗೆ ಬಿಟ್ಟುಕೊಟ್ಟು ತಲೆ ಸವರಿಕೊಳ್ಳುತ್ತಾರೆ.

ಆ ಗಾಳಿ ಚಿಮಣಿಯೊಳಗೆ ತಲೆಕೆಳಗಾಗಿ ಇಳಿದು
ಒಂದೇ ಒಂದು ಉಫ್.
ಹೀಟರಿನ ಹೊಟ್ಟೆಯಲ್ಲಿ ಕಿರುಬೆರಳ ಉಗುರಿನಷ್ಟಿದ್ದ
ನೀಲಿ ಪೈಲಟ್ ಉರಿ ಇಲ್ಲ.
ಫೋನು ನನಗೆ ಬರುತ್ತದೆ.

ನಂದಾದೀಪವಲ್ಲ ಅದು, ನಂದುತ್ತದೆ.
ನಂದುವುದರಿಂದಲೇ ನನ್ನ ಮನೆಯ ಒಲೆ.
ಹೆಸರು ಅನ್ಸೆಲ್ಮೊ ಬಾರ್ರಿಯಾ, ಚಿಲೋಯೆ ದ್ವೀಪದ ಕಡೆಯವನು,
ಗ್ಯಾಸ್ ರಿಪೇರಿ, ಮೂವತ್ತೊಂದು ವರ್ಷ.
ಈ ಊರಿನ ಪಾದ್ರಿಗಿಂತ ಹೆಚ್ಚು ಮಂಡಿಯೂರಿದ್ದೇನೆ.

ದೊಡ್ಡ ವಿದ್ಯೆಯೇನಲ್ಲ.
ಜೆಟ್ಟಿನ ತೂತು ಸೂಜಿಯ ಕಣ್ಣಿಗಿಂತ ಸಣ್ಣದು,
ಧೂಳು ಕೂತರೆ ಉರಿ ಹಳದಿಯಾಗಿ ತೂಕಡಿಸುತ್ತದೆ.
ಹಳದಿಯನ್ನು ನಂಬಬೇಡ,
ಕೆಲಸ ಕಲಿಯಲು ಬಂದ ಯಾಸ್ನಾಳಿಗೆ ಮೊದಲು ಹೇಳಿದ್ದೇ ಇದು:
ಅದು ಬೆಚ್ಚಗೆ ಮಲಗಿಸುತ್ತದೆ, ಏಳಿಸಲು ಮರೆಯುತ್ತದೆ.

ಊದು. ಒರೆಸು. ಗುಂಡಿ ಒತ್ತು. ಕಿಡಿ ಕೊಡು.
ಹತ್ತಿತೆ? ಬೆರಳು ತೆಗೆಯಬೇಡ.
ಉರಿಯ ಪಕ್ಕದಲ್ಲೊಂದು ಕಡ್ಡಿಯಿದೆ, ಎರಡು ಲೋಹಗಳದ್ದು,
ಜಾತಿ ಬೇರೆ, ತುದಿ ಒಂದೇ.
ತುದಿ ಕಾದರೆ ಅವೆರಡರ ನಡುವೆ ಏನೋ ಹರಿಯುತ್ತದೆ,
ಟಾರ್ಚಿನ ಬಲ್ಬಿಗೂ ಸಾಲದು,
ಒಳಗಿನ ಪುಟ್ಟ ಬಾಗಿಲೊಂದನ್ನು ಮುಚ್ಚದಂತೆ ಹಿಡಿಯಲು ಸಾಕು.
ಅದಕ್ಕೆ ಮೂವತ್ತು ಎಣಿಸಬೇಕು.
ಕಡ್ಡಿ ಕಾಯುತ್ತದೆ.
ನಾನೂ ಕಾಯುತ್ತೇನೆ.

ಆ ಮೂವತ್ತರಲ್ಲಿ ನನ್ನ ಮುಖ ಗೋಡೆಗೆ,
ಬೆನ್ನು ಮನೆಯವರಿಗೆ.
ಏಳಲಾರೆ, ತಿರುಗಲಾರೆ.
ಜನ ಬೆನ್ನಿನ ಜೊತೆ ಮಾತಾಡುತ್ತಾರೆ.

ಬೇಕರಿಯ ದ್ರಾಗೊ ಹನ್ನೊಂದಕ್ಕೆ ಹೇಳಿದ:
ತೂಕದ ಕಲ್ಲು ಅಪ್ಪನ ಕಾಲದಿಂದಲೂ ಸುಳ್ಳು.
ಮೇಡಂ ಓಯಾರ್ಸೊ, ಹತ್ತೊಂಬತ್ತಕ್ಕೆ:
ಪಾಸು ಮಾಡಬಾರದವನನ್ನು ಪಾಸು ಮಾಡಿದೆ,
ಈಗ ನನ್ನ ಹಲ್ಲು ಕೀಳುವವನು ಅವನೇ.
ಏಡಿ ಹಿಡಿಯುವ ದೋಣಿಯ ಹುಡುಗನೊಬ್ಬ
ಇಪ್ಪತ್ತೆಂಟರವರೆಗೂ ಬರೀ ಉಸಿರು ಬಿಟ್ಟ.
ಇಪ್ಪತ್ತೊಂಬತ್ತಕ್ಕೆ, ನನಗೆ ಈಜು ಬರುವುದಿಲ್ಲ.

ಜೂನ್ ತಿಂಗಳು, ಹತ್ತು ಗಂಟೆಗೂ ಬೆಳಕು ಹರಿಯದ ಬೆಳಗು.
ಬಟ್ಟೆ ಒಗೆಯುವ ಓಡಿಲಿಯಾಳ ಅಂಗಡಿ, ನೀರು ತಣ್ಣಗೆ,
ಹೋಟೆಲಿನ ನಲವತ್ತು ಹಾಸುಬಟ್ಟೆ ಹಾಗೇ ಬಿದ್ದಿವೆ.
ಇಪ್ಪತ್ತೆರಡಕ್ಕೆ ಬಾಯಿಬಿಟ್ಟಳು:
ನನ್ನ ತಂಗಿ ಸತ್ತಳೆಂದು ಎಲ್ಲರಿಗೂ ಹೇಳಿದ್ದೇನೆ.
ಸತ್ತಿಲ್ಲ.
ಆಚೆ ದಡದಲ್ಲಿದ್ದಾಳೆ, ಪೊರ್ವೆನಿರಿನಲ್ಲಿ.
ನಾನೇ...

ಮಾಸ್ಟರ್, ಮೂವತ್ತಾಯಿತು, ಎಂದಳು ಯಾಸ್ನಾ.
ಇನ್ನೂ ಕಾದಿಲ್ಲ, ಎಂದೆ.
ಬೆರಳ ತುದಿ ಬೆಳ್ಳಗಾಗುವವರೆಗೆ ಒತ್ತಿ ಹಿಡಿದೆ.
ತೊಂಬತ್ತೋ ನೂರೋ, ಎಣಿಕೆ ತಪ್ಪಿತ್ತು.
ಓಡಿಲಿಯಾ ಮೂಗು ಒರೆಸಿಕೊಂಡು
ಎಷ್ಟಾಯಿತು ಎಂದು ಕೇಳಿದಳು. ದುಡ್ಡು.

ಮೂವತ್ತಕ್ಕೇ ಹಿಡಿದಿತ್ತಲ್ಲ, ಎಂದಳು ಹುಡುಗಿ ಹೊರಗೆ.
ಹಗ್ಗ ಹಿಡಿ, ಗಾಳಿ ಜೋರಿದೆ, ಎಂದೆ.

ನಿನ್ನೆ ಬಂದರಿನ ಹಿಂದಿನ ಮನೆಯೊಂದರಲ್ಲಿ ನನ್ನ ಮಂಡಿ ಬಗ್ಗಲಿಲ್ಲ.
ಯಾಸ್ನಾ ಕೂತಳು, ಕಿಡಿ ಕೊಟ್ಟಳು, ಒತ್ತಿದಳು.
ಮನೆಯವರು ಮಾಳಿಗೆಯಲ್ಲಿದ್ದರು.
ಮೊದಲ ಸಲ ನಾನು ಒಂದು ಬೆನ್ನಿನ ಹಿಂದೆ ನಿಂತಿದ್ದೆ.
ಏಳು, ಎಂಟು, ಅವಳು ಪಿಸುಗುಟ್ಟುವುದು ಕೇಳುತ್ತಿತ್ತು.

ಒಂದು ಸಲ, ಎಂದಿತು ಯಾರದೋ ದನಿ. ನನ್ನದೇ.
ಒಂದು ಸಲ ಹಳದಿ ಉರಿಯನ್ನು ನೋಡಿಯೂ,
ಹೊತ್ತಾಗಿದೆ, ನಾಳೆ ನೋಡೋಣ ಎಂದು ಚೀಲ ಮುಚ್ಚಿ...

ಅವಳು ತಿರುಗಲಿಲ್ಲ.
ಹದಿನಾಲ್ಕು ಎಂದಳು.
ತುಂಬ ಹೊತ್ತಾದ ಮೇಲೆ
ಹದಿನೈದು.