ನಾಲ್ಕನೆಯ ಕ್ಲೇಮು

ಆಂಟಾಪ್ ಹಿಲ್‌ನ ಪೇಟೆಂಟ್ ಕಚೇರಿ, ಮೂರನೆಯ ಮಹಡಿ.
ನನ್ನ ಮೇಜಿನ ಮೇಲೆ ಪುಣೆಯ ಒಂದು ಹಲ್ಲು.
ಹಲ್ಲೂ ಅಲ್ಲ, ಹಲ್ಲಿಗೂ ದವಡೆಗೂ ನಡುವೆ ನಿಲ್ಲುವ
ಅಕ್ಕಿಕಾಳಿನಷ್ಟು ಟೈಟೇನಿಯಂ.
ಕೆಳಗಿನ ಬೋಲ್ಟು ಎಲುಬಿನದು, ಮೇಲಿನ ಕಿರೀಟ ನಗುವಿನದು,
ಇದು ಯಾರದೂ ಅಲ್ಲ.
ಯಾರದೆಂದು ನೋಡುವುದಕ್ಕೇ
ನನಗೆ ಸರಕಾರದ ಸಂಬಳ.

ಆವಿಷ್ಕರ್ತರು ಇಬ್ಬರು:
ಡಾಕ್ಟರ್ ಮೃಣ್ಮಯಿ ಅಭ್ಯಂಕರ್, ಸದಾಶಿವ ಪೇಠೆ;
ಬಬನ್ ಲೋಹಾರ, ಲೇಥ್ ಕೆಲಸ, ಭೋಸರಿ.
ಎರಡನೆಯ ಸಹಿ
ಒಂದೊಂದೇ ಅಕ್ಷರವನ್ನು ಕಡೆದು ಇಟ್ಟಂತಿದೆ.

ಮೊದಲನೆಯ ಕ್ಲೇಮು ಒಂದೇ ವಾಕ್ಯ, ಒಂದೂವರೆ ಪುಟ.
ಸದರಿ ಶಂಕು, ಸದರಿ ಗೂಡು,
ಸದರಿ ಸಂದಿ ಮೂರು ಮೈಕ್ರಾನು ಮೀರದಂತೆ,
ಓದುತ್ತ ಓದುತ್ತ ನನ್ನ ನಾಲಿಗೆ
ಕೆಳದವಡೆಯ ಎಡಕ್ಕೆ, ಹೋದ ವರ್ಷ ಕಿತ್ತ ಜಾಗಕ್ಕೆ
ಹೋಗಿ ಬಂತು.
ಸದರಿ ಸಂದಿ ಮೈಕ್ರಾನಿನಲ್ಲಿ ಅಳೆಯುವಂಥದ್ದಲ್ಲ.

ನಮ್ಮ ಕಾಯಿದೆಯೊಳಗೆ ಒಬ್ಬ ಮನುಷ್ಯನಿದ್ದಾನೆ,
ಕಸುಬಿನಲ್ಲಿ ನುರಿತವನು.
ಎಲ್ಲವನ್ನೂ ಓದಿದ್ದಾನೆ, ಜಪಾನಿಯನ್ನೂ ಜರ್ಮನ್ನನ್ನೂ.
ಕನಸು ಮಾತ್ರ ಕಂಡವನಲ್ಲ.
ಹಸಿವಿಲ್ಲ, ಹಲ್ಲುನೋವಿಲ್ಲ,
ವಡಾಲಾದಲ್ಲಿ ಒಂದು ದಿನ ಲೋಕಲ್ ತಪ್ಪಿಲ್ಲ.
ಪ್ರತಿ ಫೈಲಿಗೂ ಅವನನ್ನು ಎದುರು ಕೂರಿಸಿ ಕೇಳುತ್ತೇನೆ:
ಇದು ನಿನಗೆ ತಾನಾಗಿ ಹೊಳೆಯುತ್ತಿತ್ತೇ?
ಹನ್ನೊಂದು ವರ್ಷದಲ್ಲಿ ಅವನು ಹುಬ್ಬೇರಿಸಿದ್ದು ಕಾಣೆ.

ಡಿ-ಒಂದು ಸಿಕ್ಕಿತು, ಸ್ವೀಡನ್ನಿನದು. ಡಿ-ಎರಡು ಕೊರಿಯಾದ್ದು.
ಕೊನೆಯ ಅರ್ಧ ಸುತ್ತಿನಲ್ಲಿ ಲೋಹ ಲೋಹವನ್ನು ಕಚ್ಚುವುದು
ಅದರ ಹದಿನಾಲ್ಕನೆಯ ಪುಟದಲ್ಲಿ ಒಂದು ಸುಳಿವು.
ಸುಳಿವು ಸಾಕು.
ನನಗೋ, ಸುಳಿವಿಗಿಂತ ಮೊದಲೇ ಗೊತ್ತು.

ಮಾಟುಂಗಾ ಮಾರ್ಕೆಟ್ಟಿನಲ್ಲಿ, ಹೂವಿನವರ ಹಿಂದೆ,
ಮೆಟ್ಟಿಲ ಕೆಳಗೆ ಕೂರುತ್ತಿದ್ದ ಪದ್ದಣ್ಣ ಆಚಾರಿ
ಗುಲಾಬಿ ದೊಡ್ಡಮ್ಮನ ಮೂಗುತಿಗೆ ತಿರುಪು ಮಾಡಿ ಹೇಳಿದ್ದ:
"ಕೈ ಜೋರಿನಿಂದಲ್ಲ ಅಮ್ಮಾ, ಕೊನೇ ಅರ್ಧ ಸುತ್ತಿಗೆ
ಚಿನ್ನಾನೇ ಚಿನ್ನಾನ ಕಚ್ಚಬೇಕು.
ಲೋಕಲ್ಲಿನ ನೂಕಿನಲ್ಲೂ ಬೀಳಬಾರದು."
ನನಗಾಗ ಒಂಬತ್ತು. ಬಾಯಲ್ಲಿ ಪೆಪ್ಪರಮಿಂಟು.
ತಾರೀಖಿಲ್ಲ, ಚಿತ್ರವಿಲ್ಲ, ಪ್ರಕಟಣೆಯ ಸಂಖ್ಯೆಯಿಲ್ಲ.
ಕಂಟ್ರೋಲರು ಕೇಳಿದರೆ ಏನೆನ್ನಲಿ?
ಡಿ-ಮೂರು, ದೊಡ್ಡಮ್ಮನ ಮೂಗು?

ಬೀಳಲಿಲ್ಲ, ನಿಜ.
ಸಾಯನ್ ಆಸ್ಪತ್ರೆಯಲ್ಲಿ ಅವಳು ಹೋದ ರಾತ್ರಿ
ಸಿಸ್ಟರ್ ಸಾಬೂನು ಹಚ್ಚಿದಳು, ಅಣ್ಣ ಕೊಬ್ಬರಿ ಎಣ್ಣೆ ತಂದ.
ತಣ್ಣಗಾದ ಮೂಗು ಹಿಡಿದು ನಾನೇ ತಿರುಗಿಸಿದೆ,
ಎಡಕ್ಕೋ ಬಲಕ್ಕೋ ಮರೆತೇ ಹೋಗಿ.
ಕಚ್ಚಿದ್ದು ಬಿಡಲಿಲ್ಲ.
ಕೊನೆಗೆ ವಾರ್ಡ್‌ಬಾಯ್ ತಂತಿ ಕತ್ತರಿಸುವ ಇಕ್ಕಳ ತಂದ.
ಸದ್ದು ದೊಡ್ಡದೇನಲ್ಲ,
ಒಂದು ಕಡಲೆ ಕಡಿದಷ್ಟು.

ಅವಲಂಬಿತ ಕ್ಲೇಮುಗಳನ್ನು ನಾವು
ಸಾಮಾನ್ಯವಾಗಿ ಊಟವಾದ ಮೇಲೆ, ಅರೆಗಣ್ಣಿನಲ್ಲಿ ಓದುತ್ತೇವೆ.
ನಾಲ್ಕನೆಯದು ಬರೀ ಎರಡು ಸಾಲು:
ಒಂದನೆಯ ಕ್ಲೇಮಿನ ಭಾಗವೇ, ವಿಶೇಷವೇನೆಂದರೆ,
ಸದರಿ ಶಂಕುವಿನ ಬುಡದಲ್ಲೊಂದು ಗೀರು,
ಬಿಡಿಸಬೇಕೆಂದಾಗ ಬಿಡುವಂತೆ.
ಇದು ಡಾಕ್ಟರ ಭಾಷೆಯಲ್ಲ, ವಕೀಲರದಂತೂ ಅಲ್ಲ.
ಭೋಸರಿಯಲ್ಲಿ, ಎಣ್ಣೆಗೈಯಲ್ಲಿ,
ಸಿಕ್ಕಿಕೊಂಡ ತುಂಡೊಂದನ್ನು ಬಿಡಿಸಲಾರದೆ
ರಾತ್ರಿ ಪಾಳಿ ಪೂರ್ತಿ ಕೂತವನ ಮಾತು.

ಕಸುಬಿನಲ್ಲಿ ನುರಿತವನನ್ನು ಕೇಳಿದೆ: ಹೊಳೆಯುತ್ತಿತ್ತೇ?
ಸುಮ್ಮನಿದ್ದ.
ಅವನಿಗೆ ಯಾರೂ ಸತ್ತಿಲ್ಲ.

ವರದಿ ಬರೆದೆ. ಒಂದನೆಯದಕ್ಕೆ ಆಕ್ಷೇಪ, ಎರಡು ಮೂರಕ್ಕೂ.
ನಾಲ್ಕನೆಯದನ್ನು ಒಂದರೊಳಗೆ ಸೇರಿಸಿ ತಂದರೆ
ಪರಿಶೀಲಿಸಬಹುದು. ಗಡುವು ಆರು ತಿಂಗಳು.
ಮೂಗುತಿಯ ಹೆಸರೆತ್ತಲಿಲ್ಲ.

ಸಂಜೆ ಜಿಟಿಬಿ ನಗರದ ಪ್ಲಾಟ್‌ಫಾರ್ಮಿನಲ್ಲಿ
ಹುರಿಗಡಲೆಯ ಪೊಟ್ಟಣ ಬಿಚ್ಚಿ
ಬಲಗಡೆಯಿಂದಲೇ ಅಗಿಯುತ್ತ ನಿಂತೆ.
ಹಲ್ಲಿದ್ದಾಗ ಕಡಲೆಯಿಲ್ಲ ಅಂತ ಮೊದಲು ಅಂದವರು ಯಾರೋ,
ಅದಕ್ಕೂ ತಾರೀಖಿಲ್ಲ.
ಪನ್ವೇಲ್ ಗಾಡಿ ಎಂಟು ನಿಮಿಷ ತಡ.