ಮಂಡಿಯ ಲೆಕ್ಕ

ಮಂಡಿ ಮೊಹಲ್ಲಾದವಳಿಗೆ ಮಂಡಿನೋವು,
ನೋಡುವವಳು ಮಂಡ್ಯದ ಹುಡುಗಿ.
ದೊಡ್ಡಾಸ್ಪತ್ರೆಯ ಬೆಂಚಿನ ಮೇಲೆ ನಾನೊಬ್ಬಳೇ ನಕ್ಕೆ.
‘ನಗಬೇಡ ಕೆಂಪಾಜಿ,
ಟೋಕನ್ ಕೂಗಿದ್ದು ಕೇಳಲ್ಲ’ ಅಂದಳು ಮುಬೀನಾ.

ಎಷ್ಟು ದಿನದಿಂದ ನೋವು? ಕೇಳಿದಳು ಹುಡುಗಿ.
ದಿನದ ಲೆಕ್ಕ ನನಗೆ ಬಾರದು ತಾಯಿ,
ಸಾವಿರದ ಲೆಕ್ಕ ಬರುತ್ತದೆ.
ದಿನಕ್ಕೆ ನಾಲ್ಕು ಸಾವಿರ ಊದುಬತ್ತಿ,
ಹಬ್ಬ ಬಂದರೆ ಐದು.
ಎಡಗಾಲು ಮಡಿಸಿ, ಬಲಗಾಲು ನಿಲ್ಲಿಸಿ
ಮೋಟು ಹಲಗೆಯ ಮುಂದೆ
ಇದ್ದಿಲ ಹುಡಿ, ಜಿಗಟು, ಅಂಗೈಯ ಒಂದು ಉರುಳು,
ಇಪ್ಪತ್ತೆಂಟು ವರ್ಷ.
ಗುಣಿಸಿ ನೋಡು,
ನಿನ್ನ ಮೊಬೈಲಿನಲ್ಲಿ ಅಷ್ಟು ಸೊನ್ನೆಗೆ ಜಾಗವಿದ್ದರೆ.

ಗುಣಿಸಲಿಲ್ಲ. ಎಕ್ಸ್‌ರೇ ಎತ್ತಿ ಕಿಟಕಿಗೆ ಹಿಡಿದಳು.
ಮೂಳೆ ಬೆಳ್ಳಗೆ, ನಡುವೆ ಒಂದು ಕಪ್ಪು ಸಂದು,
ಹೊರಗಡೆ ಅಗಲ,
ಒಳಗಡೆ ಬರಬರುತ್ತಾ ಕೂದಲೆಳೆ.
‘ಇಲ್ಲೊಂದು ಮೆತ್ತೆ ಇರಬೇಕಮ್ಮ,
ಎಳನೀರಿನ ಗಂಜಿ ಥರ, ನುಣ್ಣಗೆ.
ಅದಕ್ಕೆ ನರ ಇಲ್ಲ. ಸವೆಯೋವಾಗ ಕೂಗಲ್ಲ.
ಸವೆದ ಮೇಲೆ ಅಕ್ಕಪಕ್ಕದವು ಕೂಗ್ತವೆ.’

ನಮ್ಮ ಸಾಲಿನ ದೊಡ್ಡತಾಯಮ್ಮ ನೆನಪಾದಳು.
ಹಾಗೇ ಇದ್ದಳು.

ಏನೇನು ಮಾಡಿದಿರಿ?
ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಕಟ್ಟಿದೆ,
ಉಪ್ಪಿನ ಗಂಟಿನಿಂದ ಶಾಖ ಕೊಟ್ಟೆ,
ಬಸ್‌ಸ್ಟ್ಯಾಂಡಿನ ಹಸಿರೆಣ್ಣೆ ತಿಕ್ಕಿದೆ,
ಒಂದು ಸೂಜಿ ಹಾಕಿಸಿಕೊಂಡೆ, ಹದಿನೈದು ದಿನದ ಸುಖ.
ಹುಡುಗಿ ನಗಲಿಲ್ಲ, ಬಯ್ಯಲೂ ಇಲ್ಲ.
‘ಶಾಖ ಒಳ್ಳೇದೇ. ನೋವು ಇಳಿದ ಮೇಲೆ ಏನ್ಮಾಡ್ತೀರಿ?’
ಮತ್ತೆ ಹೋಗಿ ಕೂರ್ತೀನಿ.
‘ಅಲ್ಲೇ ಇರೋದು’ ಅಂದಳು.

ಟವೆಲು ಸುರುಳಿ ಸುತ್ತಿ ಮಂಡಿಯಡಿ ಇಟ್ಟಳು.
ಒತ್ತಿ, ಹತ್ತು ಎಣಿಸಿ, ಬಿಡಿ.
ನೋಯೋದು ಮಂಡಿ, ಕೆಲಸ ತೊಡೆಗೆ ಯಾಕೆ?
‘ನಿಮ್ಮ ಮಂಡಿ ಬೀದೀಲಿ ಹಮಾಲಿ ಇಲ್ಲದಿದ್ರೆ
ಮೂಟೆ ಯಾರು ಹೊರ್ತಾರೆ?
ಮಂಡಿಗೆ ತೊಡೆಯೇ ಹಮಾಲಿ.’
ಮಂಡ್ಯದವಳು ನನ್ನ ಮಾತಿನಲ್ಲೇ ನನ್ನ ಗೆದ್ದಳು.

ಹತ್ತುವಾಗ ಒಳ್ಳೇ ಕಾಲು ಮುಂದೆ,
ಇಳಿಯುವಾಗ ನೋಯುವ ಕಾಲು.
ನಾಲ್ಕು ಕೆಜಿ ಇಳಿಸಿ. ದಿನಾ ನಡೀರಿ,
ಅಲ್ಲಾಡಿಸದಿದ್ರೆ ಆ ಮೆತ್ತೆಗೆ ಊಟವಿಲ್ಲ.
ಕೀಲು ಬದಲಿಸೋದು ಕೊನೇ ಮಾತು, ಇವತ್ತಿನದಲ್ಲ.
ಇಷ್ಟು ಹೇಳಿ, ಚೀಟಿ ಮಡಿಸುತ್ತಾ, ಮೆಲ್ಲಗೆ,
‘ನೆಲದ ಮೇಲೆ ಕೂರಬೇಡಿ.’

ನನ್ನ ಅನ್ನವೆಲ್ಲ ನೆಲದ ಮೇಲೆ ಇದೆಯಲ್ಲ.

ಸೋಡಾ ಅಂಗಡಿಯಿಂದ ಖಾಲಿ ಕ್ರೇಟು ತಂದೆ,
ಎರಡರ ಮೇಲೆ ಎರಡು, ಮೇಲೆ ಹಲಗೆ.
ಕೈ ಮುರಿದ ಪ್ಲಾಸ್ಟಿಕ್ ಕುರ್ಚಿ, ಗುಜರಿಯಲ್ಲಿ ಅರವತ್ತು ರೂಪಾಯಿ.
ಮೊದಲ ದಿನ ಆದದ್ದು ಸಾವಿರದ ಒಂಬೈನೂರು.
ಅಂಗೈಗೆ ಎತ್ತರದ ಅಂದಾಜಿಲ್ಲ,
ಉರುಳಿಸಿದ ಬತ್ತಿ ಮಡಿಲಿಗೆ ಬಿತ್ತು.
‘ಏನು, ಆಫೀಸು ಮಾಡಿದ್ದೀಯ?’ ಅಂದ ಮೇಸ್ತ್ರಿ.
ಹೆಂಗಸರು ಬಾಯಿಗೆ ಸೆರಗು ಕೊಟ್ಟರು.
ಕೂಲಿ ಕಟ್ಟಾದ ವಾರ, ಸುಳ್ಳು ಯಾಕೆ,
ಹಲಗೆ ಮತ್ತೆ ನೆಲಕ್ಕಿಳಿಸಿದೆ.
ರಾತ್ರಿ ಮಂಡಿ ಊದಿ ಸೋರೆಬುರುಡೆ.
ಬೆಳಿಗ್ಗೆ ಮತ್ತೆ ಕ್ರೇಟು.

ದಸರೆಯ ಹೊತ್ತಿಗೆ ಮೂರು ಸಾವಿರದ ನಾನೂರು.
ನೋವು ಹೋಗಿಲ್ಲ.
ಮುಂಚೆ ಮನೆಯೊಡತಿ, ಈಗ ಬಾಡಿಗೆಗಿದ್ದಾಳೆ.

ಮುಬೀನಾಗೂ ಅದೇ ನೋವು.
ಎರಡು ವರ್ಷದಿಂದ ಕುರ್ಚಿಯ ಮೇಲೇ ಅವಳ ನಮಾಜು,
ಕೆಲಸಕ್ಕೆ ಮಾತ್ರ ನೆಲ.
‘ಕುರ್ಚಿ ಬೇಡ ಅಂದನೇನೇ ನಿಮ್ಮ ದೇವರು?’ ಕೇಳಿದೆ.
‘ದೇವರು ಅನ್ನಲಿಲ್ಲ’ ಅಂದಳು,
‘ಮೇಸ್ತ್ರಿ ಅಂದ.’

ನಿನ್ನೆ ಸಂಜೆ ಗುಜರಿಗೆ ಇಬ್ಬರೂ ನಡೆದು ಹೋದೆವು,
ನಿಧಾನ, ಅಂಗಡಿ ಅಂಗಡಿಗೆ ನಿಂತು.
ಬರುವಾಗ ಕುರ್ಚಿಯ ಒಂದು ಕಾಲು ಅವಳ ಕೈಲಿ,
ಒಂದು ಕಾಲು ನನ್ನ ಕೈಲಿ.
ರಸ್ತೆ ದಾಟಿ ಸುಸ್ತಾಗಿ
ಅಲ್ಲೇ, ಮಂಡಿ ಬೀದಿಯ ನಟ್ಟನಡುವೆ, ಮೂಟೆಗಳ ಪಕ್ಕ
ಅದನ್ನು ಇಳಿಸಿ
ಸರದಿಯ ಮೇಲೆ ಕೂತೆವು.